ಬಾಗಿಲ ಹಲಗೆಯ ಎಣಿಕೆ

“ಗುರುಗಳೇ, ನಾನು ಏನನ್ನೂ ಮುಟ್ಟಿಲ್ಲ. ಹೋದ ತಿಂಗಳು ಕಣ್ಣು ಮುಚ್ಚಿ ತೆರೆಯುವುದರೊಳಗೆ ಬರುತ್ತಿದ್ದ ಉತ್ತರ ಈಗ ಹತ್ತು ನಿಮಿಷವಾದರೂ ಬರುವುದಿಲ್ಲ. ಇದು ಹೇಗೆ ಸಾಧ್ಯ?”

ಕೇಳಿದವಳು ಭಾರ್ಗವಿ. ಒಂದು ರಕ್ತನಿಧಿಯ ಡೇಟಾಬೇಸ್ ನೋಡಿಕೊಳ್ಳುವವಳು. ಕೇಳಿಸಿಕೊಂಡವರು ಚನ್ನವೀರಯ್ಯ, ಅವಳಿಗೆ ಆ ವಿದ್ಯೆ ಕಲಿಸಿದವರು. ಬೇಕಾದ ಗುಂಪಿನ ರಕ್ತ ಕೊಡುವವರನ್ನು ಹುಡುಕುವುದು ತಡವಾಗುತ್ತಿತ್ತು. ಹುಡುಕುವ ಪ್ರೋಗ್ರಾಂ ಬರೆದವನು ಫಕೀರಪ್ಪ. ತಪ್ಪು ಅವನದೇ, ಅವನನ್ನು ಕೆಲಸದಿಂದ ತೆಗೆಯಿರಿ ಎಂದು ಭಾರ್ಗವಿ ಮೇಲಿನವರಿಗೆ ಕಾಗದ ಬರೆದಿದ್ದಳು. ಕಾಗದ ಅವಳ ಚೀಲದಲ್ಲಿತ್ತು. ಕೊಡುವ ಮುಂಚೆ ಗುರುಗಳ ಕಿವಿಗೊಂದು ಮಾತು ಹಾಕೋಣವೆಂದು ಬಂದಿದ್ದಳು.

“ಫಕೀರಪ್ಪ ಏನನ್ನುತ್ತಾನೆ?”

“ಡೇಟಾಬೇಸೇ ಸರಿಯಿಲ್ಲವಂತೆ! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.”

ಚನ್ನವೀರಯ್ಯ ನಕ್ಕರು. “ಹಾಗಾದರೆ ಒಂದು ನೆಲದ ಕತೆ ಹೇಳುತ್ತೇನೆ, ಕೇಳು” ಎಂದು ಶುರುಮಾಡಿದರು.

ಒಬ್ಬ ವೈದ್ಯನಿಗೆ ಮದ್ದಿನ ಉಗ್ರಾಣವಿತ್ತು. ಒಳಗೆ ಹಲವು ಕೋಣೆ, ಕೋಣೆ ತುಂಬ ಭರಣಿ. ಉಗ್ರಾಣ ಕಾಯಲು ಒಬ್ಬ ಉಗ್ರಾಣಿ, ಮದ್ದು ತರಲು ಒಬ್ಬ ಆಳು. ಪ್ರತಿ ಕೋಣೆಯ ಬಾಗಿಲಿಗೂ ಒಂದು ಹಲಗೆ. ಒಳಗೆ ಎಷ್ಟು ಭರಣಿ ಇವೆ ಎಂದು ಅದರ ಮೇಲೆ ಸುಣ್ಣದಲ್ಲಿ ಬರೆದಿರುತ್ತಿತ್ತು. ಆಳು ಮೊದಲು ಹಲಗೆ ನೋಡಬೇಕು. ಭರಣಿ ಬಹಳವಿದ್ದರೆ ಯಾವ ಮದ್ದು ಎಲ್ಲಿದೆ ಎಂದು ಬರೆದು ಮೂಲೆಯಲ್ಲಿ ತೂಗುಹಾಕಿದ ಓಲೆ ನೋಡಿ, ಅದು ಹೇಳಿದ ಕಡೆಗೇ ಹೋಗಬೇಕು. ಕೈಬೆರಳೆಣಿಕೆಯಷ್ಟಿದ್ದರೆ ಓಲೆ ಬಿಚ್ಚುವ ಹೊತ್ತಿಗೆ ಭರಣಿಗಳನ್ನೇ ತೆರೆದು ನೋಡಿ ಮುಗಿಸಬಹುದು. ಹಿರಿಯರು ಮಾಡಿಟ್ಟ ಕ್ರಮ, ಅದರಲ್ಲಿ ಹುಳುಕಿರಲಿಲ್ಲ.

ಒಮ್ಮೆ ಪಡುವಣ ಕೋಣೆಯಿಂದ ಮದ್ದು ಬರುವುದು ತಡವಾಗತೊಡಗಿತು. ಜಗುಲಿಯಲ್ಲಿ ರೋಗಿಗಳು ನರಳುತ್ತ ಕೂತರು. ಉಗ್ರಾಣಿಗೆ ಸಿಟ್ಟು ನೆತ್ತಿಗೇರಿತು. ಆಳು ಸೋಮಾರಿ ಎಂದು ಓಡಿಸಿದ. ಇನ್ನೊಬ್ಬ ಬಂದ, ಅವನೂ ತಡ. ಅವನನ್ನೂ ಓಡಿಸಿದ. ಮೂರನೆಯವನು ಗಟ್ಟಿ ಆಸಾಮಿ, ಚಿಗರೆಯಂತೆ ಓಡುವವನು. ಅವನೂ ತಡ! ಸಂಜೆಗೆ ಗಂಟುಮೂಟೆ ಕಟ್ಟು ಎಂದು ಅವನಿಗೂ ಹೇಳಿಬಿಟ್ಟ. ಅವನ ಮನೆಯಲ್ಲಿ ಉಣ್ಣುವ ಬಾಯಿ ಆರು, ದುಡಿಯುವ ಕೈ ಅವನೊಬ್ಬನದೇ.

ಹೇಳಿದ್ದೇನೋ ಹೇಳಿದ. ಆದರೆ ಉಗ್ರಾಣಿಯ ತಲೆಗೆ ಹುಳ ಹೊಕ್ಕಿತು. ಮೂವರೂ ಸೋಮಾರಿಗಳೇ? ಅದೂ ಒಂದೇ ಕೋಣೆಯಲ್ಲಿ ಮಾತ್ರ? ಇಷ್ಟು ದಿನ ‘ಏಕೆ ತಡ’ ಎಂದು ಗದರಿದ್ದನೇ ಹೊರತು, ‘ಒಳಗೆ ಹೋಗಿ ಏನು ಮಾಡುತ್ತೀಯಪ್ಪಾ’ ಎಂದು ಒಬ್ಬನನ್ನೂ ಕೇಳಿರಲಿಲ್ಲ. ಈಗ ಅವನಿಗೆ ನೋಡಲೇಬೇಕು ಅನ್ನಿಸಿತು. ಆಳಿನ ಬೆನ್ನ ಹಿಂದೆಯೇ ಹೋದ.

ಆಳು ಬಾಗಿಲಲ್ಲಿ ನಿಂತು ಹಲಗೆ ಓದಿದ. ಒಳಗೆ ಹೋದ. ಮೊದಲ ಭರಣಿ ತೆರೆದು ಮೂಸಿ ಮುಚ್ಚಿದ. ಎರಡನೆಯದು ತೆರೆದ. ಮೂರನೆಯದು ತೆರೆದ. ಒಂದನ್ನೂ ಬಿಡಲಿಲ್ಲ, ಬೆವರು ಸುರಿಯುತ್ತಿದ್ದರೂ ಕೈ ನಿಲ್ಲಿಸಲಿಲ್ಲ.

“ಅಯ್ಯೋ ಮಾರಾಯ, ಹತ್ತು ಸಾವಿರ ಭರಣಿಯನ್ನೂ ಹೀಗೇ ತೆರೆಯುತ್ತೀಯಾ? ಓಲೆ ಏಕೆ ನೋಡಲಿಲ್ಲ?” ಎಂದ ಉಗ್ರಾಣಿ.

“ಹಲಗೆಯಲ್ಲಿ ಇಪ್ಪತ್ತು ಅಂತಿದೆಯಲ್ಲ, ಬುದ್ಧೀ” ಎಂದ ಆಳು.

ಉಗ್ರಾಣಿ ತಿರುಗಿ ಬಂದು ನೋಡಿದ. ಇಪ್ಪತ್ತು ಅಂತಲೇ ಇತ್ತು. ಕೋಣೆ ಹೊಸದಾಗಿ ತೆರೆದ ದಿನ ತಾನೇ ಬರೆದದ್ದು. ಆಮೇಲೆ ಭರಣಿಗಳು ಬಂಡಿ ಬಂಡಿ ಬಂದವು. ಹಲಗೆ ಬರೆಯುತ್ತ ನಿಂತರೆ ಬಾಗಿಲಿಗೆ ಅಡ್ಡ, ಕೆಲಸಕ್ಕೆ ತಡ ಎಂದು ಬರೆಯುವುದನ್ನು ತಾನೇ ನಿಲ್ಲಿಸಿದ್ದ. ಆಮೇಲೆ ಮರೆತಿದ್ದ. ಸಂಜೆಯಾಗುತ್ತ ಬಂದಿತ್ತು. ಉಗ್ರಾಣಿ ಹಲಗೆಯ ಮುಂದೆ ನಿಂತೇ ಇದ್ದ.

ಇಷ್ಟು ಹೇಳಿ ಚನ್ನವೀರಯ್ಯ ಕತೆ ನಿಲ್ಲಿಸಿದರು.

ಭಾರ್ಗವಿಗೆ ಥಟ್ಟನೆ ಹೊಳೆಯಿತು. ಡೇಟಾಬೇಸಿನಲ್ಲೂ ಅಂಥ ಹಲಗೆಯಿದೆ. ಯಾವ ಪಟ್ಟಿಯಲ್ಲಿ ಎಷ್ಟು ಹೆಸರಿವೆ ಎಂಬ ಎಣಿಕೆ ಅದರಲ್ಲಿರುತ್ತದೆ. ಆ ಎಣಿಕೆ ನೋಡಿಯೇ ಡೇಟಾಬೇಸ್ ಹುಡುಕುವ ದಾರಿ ಆರಿಸಿಕೊಳ್ಳುತ್ತದೆ. ಅದನ್ನು ದಿನವೂ ಹೊಸದು ಮಾಡುವ ಕೆಲಸ ಯಂತ್ರಕ್ಕೆ ಭಾರವೆಂದು, ಯುಗಾದಿಯ ಹೊತ್ತಿಗೆ ಅವಳೇ ನಿಲ್ಲಿಸಿದ್ದಳು. ಆಗ ಪಟ್ಟಿಯಲ್ಲಿದ್ದದ್ದು ನಾನೂರು ಹೆಸರು. ಹೋದ ತಿಂಗಳ ಕೊನೆಗೆ ಬೇರೆ ಊರುಗಳ ಪಟ್ಟಿಗಳೂ ಬಂದು ಸೇರಿ, ಈಗ ಮೂರು ಲಕ್ಷ; ಎಣಿಕೆಯಲ್ಲಿ ಮಾತ್ರ ಇನ್ನೂ ನಾನೂರೇ. ಏನನ್ನೂ ಮುಟ್ಟಿಲ್ಲ ಎಂದು ಬಾಯಿ ತುಂಬ ಹೇಳಿದ್ದಳಲ್ಲ! ಅವಳಿಗೆ ನಾಚಿಕೆಯಾಯಿತು. ಹಲಗೆಯನ್ನೇನೋ ಇವತ್ತೇ ಒರೆಸಿ ಬರೆಯಬಹುದು.

ಅವಳು ಮೆಲ್ಲಗೆ ಕೇಳಿದಳು: “ಗುರುಗಳೇ, ಆ ಆಳಿನ ಗತಿ ಏನಾಯಿತು?”

“ಅದು ನಿನ್ನ ಚೀಲದಲ್ಲಿರುವ ಕಾಗದಕ್ಕೇ ಗೊತ್ತು, ತಾಯಿ.”