ಮುಳ್ಳುಹಂದಿ ಹಾಕಿದ ಮೊದಲ ಹಚ್ಚೆ

ತನ್ನ ಮೈಯಲ್ಲೇ ಇಷ್ಟೊಂದು ಸೂಜಿಗಳಿರುವಾಗ ಹಚ್ಚೆ ಹಾಕಲು ಕಲಿಯುವುದೇನು ಮಹಾ ಎಂದುಕೊಂಡ ಮುಳ್ಳುಹಂದಿಯೊಂದು, ನಾಲ್ಕಾರು ಬೂದುಗುಂಬಳಕಾಯಿಗಳ ಮೇಲೆ ಕೈ ಪಳಗಿಸಿ, ಆಲದ ಮರದಡಿ ಅಂಗಡಿ ತೆರೆಯಿತು. ಮೊದಲು ಬಂದದ್ದು ಮದುವೆ ಗೊತ್ತಾಗಿದ್ದ ಹೆಣ್ಣು ಕತ್ತೆ.

"ತೊಡೆಯ ಮೇಲೊಂದು ಮಲ್ಲಿಗೆ ಬಳ್ಳಿ ಹಾಕಿಕೊಡಿ" ಎಂದಿತು.

ಮುಳ್ಳು ಚುಚ್ಚಿದೊಡನೆ ಕತ್ತೆ ನಡುಗಿತು. ಕುಂಬಳಕಾಯಿ ಎಂದೂ ನಡುಗಿರಲಿಲ್ಲವಾದ್ದರಿಂದ ಮುಳ್ಳುಹಂದಿಗೆ ಗಾಬರಿಯಾಯಿತು. ಗೆರೆ ಅಡ್ಡಾದಿಡ್ಡಿ ಓಡಿತು. ರಕ್ತ ಒರೆಸಿ ನೋಡಿದರೆ ತೊಡೆಯ ಮೇಲೆ ಮಲಗಿದ್ದದ್ದು ಒಂದು ಜರಿಹುಳು.

"ಇದೇನು ಸ್ವಾಮಿ?" ಎಂದಿತು ಕತ್ತೆ, ಕಣ್ಣಲ್ಲಿ ನೀರು ತುಂಬಿಕೊಂಡು.

ಮುಳ್ಳುಹಂದಿಗೆ ಒಳಗೊಳಗೇ ನಾಚಿಕೆಯಾಯಿತು. ಆದರೂ ಗಂಟಲು ಸರಿಮಾಡಿಕೊಂಡು, "ಬೇಸರ ಬೇಡ. ತಪ್ಪು ಮಾಡದೆ ಯಾರೂ ಕಲಿಯುವುದಿಲ್ಲ. ಇನ್ನೊಂದು ಹಾಕಿದರೆ ಬಳ್ಳಿ ಖಂಡಿತ ಬರುತ್ತದೆ" ಎಂದಿತು.

"ಹಾಗಾದರೆ ಆ ಇನ್ನೊಂದನ್ನು ನಿಮ್ಮ ಹೊಟ್ಟೆಯ ಮೇಲೆ ಹಾಕಿ ಕಲಿತುಕೊಳ್ಳಿ" ಎಂದಿತು ಕತ್ತೆ. "ಅಲ್ಲಿ ಮುಳ್ಳಿಲ್ಲ, ಜಾಗವೂ ಚೆನ್ನಾಗಿದೆ. ನಾನು ಕಾಯುತ್ತೇನೆ."

ಮುಳ್ಳುಹಂದಿ ತಟ್ಟನೆ ಮುದುಡಿ ಹೊಟ್ಟೆ ಮುಚ್ಚಿಕೊಂಡಿತು.

"ಎಂಥ ಮಾತಾಡುತ್ತೀಯಮ್ಮ" ಎಂದಿತು, ನೊಂದ ದನಿಯಲ್ಲಿ. "ಹಚ್ಚೆಯೆಂದರೆ ಹುಡುಗಾಟವೇ? ಒಮ್ಮೆ ಕೆಟ್ಟರೆ ಸಾಯುವವರೆಗೂ ಹೋಗುವುದಿಲ್ಲ."