ತಾಯಿಚೌಕ ಒಲ್ಲದ ಗೆರೆ

ಹೆರಿಗೆ ಆಸ್ಪತ್ರೆಯ ಕಂಪ್ಯೂಟರ್ ದಾಖಲೆಗಾಗಿ ಪೆನ್ಸಿಲಿನಲ್ಲಿ ಬರೆದ ನಕ್ಷೆಯಲ್ಲಿ ‘ತಾಯಿ’ ಎಂಬ ಚೌಕ, ‘ಮಗು’ ಎಂಬ ಚೌಕ, ಎರಡನ್ನೂ ಕೂಡಿಸುವ ಒಂದು ಗೆರೆ ಇದ್ದವು.

ತಾಯಿಚೌಕಕ್ಕೆ ಗೆರೆಯೆಂದರೆ ತಾತ್ಸಾರ. “ನನ್ನಲ್ಲಿ ಹೆಸರು, ಊರು, ವಯಸ್ಸು ಎಲ್ಲವೂ ಇವೆ. ನಿನ್ನೊಳಗೇನಿದೆಯೇ, ನರಪೇತಲಿ?”

“ಏನೂ ಇಲ್ಲ, ಅಕ್ಕಾ. ಯಾರ ಮಗು ಯಾವುದೆಂದು ಮಾತ್ರ ಬಲ್ಲೆ.”

“ಹೆತ್ತವಳಿಗೆ ಅದನ್ನು ನೀನು ಹೇಳಿಕೊಡಬೇಕೇ? ರಬ್ಬರಣ್ಣಾ, ಇವಳನ್ನು ಒರೆಸಿಬಿಡು!”

ರಬ್ಬರ್ ಒರೆಸಿತು. ಗೆರೆಯಿಲ್ಲದ ಆ ನಕ್ಷೆಯಂತೆಯೇ ಕಂಪ್ಯೂಟರ್ ದಾಖಲೆ ಸಿದ್ಧವಾಯಿತು.

ಹೆರಿಗೆಯಲ್ಲಿ ಪ್ರಜ್ಞೆ ತಪ್ಪಿದ್ದ ದ್ಯಾಮವ್ವ ಮೂರನೆಯ ದಿನ ಕಣ್ಣು ಬಿಟ್ಟು, “ನನ್ನ ಕೂಸು ಎಲ್ಲೈತ್ರಿ?” ಎಂದಳು. ಮಗುಚೌಕದಲ್ಲಿ ಅವಳು ಹೆತ್ತ ದಿನ ಹುಟ್ಟಿದ ಹನ್ನೊಂದು ಕೂಸುಗಳಿದ್ದವು.

“ತಂಗೀ, ಇವಳದು ಯಾವುದು?” ತಾಯಿಚೌಕ ಮಗುಚೌಕವನ್ನು ಕೇಳಿತು.

“ತೂಕ ಹೇಳಬಲ್ಲೆ, ಅಕ್ಕಾ. ತಾಯಿ ಯಾರೆಂದು ನನಗೆ ಹೇಳಿದವರಾರು?”

ದ್ಯಾಮವ್ವ ತೊಟ್ಟಿಲಿಂದ ತೊಟ್ಟಿಲಿಗೆ ನಡೆದಳು. ತನ್ನ ಮಗುವಿನ ಮುಖವನ್ನು ಅವಳು ಒಮ್ಮೆಯೂ ಕಂಡಿರಲಿಲ್ಲ.