ಗೊಬ್ಬರವಿಲ್ಲದ ಪಾತಿ

ನದಿಯ ದಡದ ಮರಳುಮಣ್ಣಿನಲ್ಲಿ ಓಂಕಾರಯ್ಯ ಗುರುಗಳ ಶಾಲೆ ಇತ್ತು. ಮಕ್ಕಳು ಅಲ್ಲೇ ಉಳಿದು ಓದುತ್ತಿದ್ದರು. ವಿಜ್ಞಾನದ ಪಾಠ ಕೈತೋಟದಲ್ಲೇ ನಡೆಯುತ್ತಿತ್ತು.

ಗುರುಗಳು ಯಾರನ್ನೂ ಹೊಡೆದವರಲ್ಲ, ಬೈದವರಲ್ಲ. ಹಾಗಾಗಿ ಅವರಿಗೆ ಸಿಟ್ಟು ಬಂದರೆ ಏನಾಗುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ ತುಂಬಾ ಹೆದರುತ್ತಿದ್ದರು.

ಆ ವರ್ಷ ಎರಡು ಪಾತಿಗಳಲ್ಲಿ ಬದನೆ ಸಸಿ ನೆಟ್ಟರು. ಕೆಂಚಪ್ಪನೆಂಬ ಹುಡುಗನ ಪಾತಿಗೆ ಎಲೆಗೊಬ್ಬರ. ಹಾಲಮ್ಮನೆಂಬ ಹುಡುಗಿಯ ಪಾತಿಗೆ ಬರೀ ನೀರು.

"ನಾನೇನು ತಪ್ಪು ಮಾಡಿದೆ ಗುರುಗಳೇ?" ಎಂದಳು ಹಾಲಮ್ಮ.

"ಏನೂ ಇಲ್ಲ. ಒಂದಕ್ಕೆ ಕೊಡದೆ ಇದ್ದರೆ ತಾನೇ, ಇನ್ನೊಂದಕ್ಕೆ ಕೊಟ್ಟದ್ದು ಏನು ಮಾಡಿತೆಂದು ತಿಳಿಯುವುದು? ದಿನಾ ಕಂಡದ್ದನ್ನು ಬರೆ. ನಲವತ್ತನೇ ದಿನ ಊರಿನವರು ನೋಡಲು ಬರುತ್ತಾರೆ."

ಹತ್ತು ದಿನಕ್ಕೆ ಹಾಲಮ್ಮನ ಗಿಡಗಳ ಎಲೆ ಹಳದಿಯಾಯಿತು.

"ಬದನೆಗೆ ಕಾಮಾಲೆ ಕಣೇ," ಎಂದ ಕೆಂಚಪ್ಪ. "ಹೋದ ವರ್ಷ ಪುಟ್ಟಯ್ಯನ ಅವರೆ ಒಣಗಿತ್ತು. ಪುಟ್ಟಯ್ಯ ಈಗೆಲ್ಲಿದ್ದಾನೆ ಹೇಳು?"

ಪುಟ್ಟಯ್ಯ ಅಕ್ಕನ ಮದುವೆಗೆಂದು ತನ್ನೂರಿಗೆ ಹೋದವನು, ಅಲ್ಲಿಯ ಊಟ ಚೆನ್ನಾಗಿದೆಯೆಂದು ಉಳಿದುಕೊಂಡಿದ್ದ. ಹಾಲಮ್ಮನಿಗೆ ಅದು ಗೊತ್ತಿರಲಿಲ್ಲ. ತನ್ನನ್ನು ಮನೆಗೆ ಕಳಿಸಿದರೆ ಓದು ಅಲ್ಲಿಗೆ ಮುಗಿಯುತ್ತದೆಂಬುದು ಮಾತ್ರ ಗೊತ್ತಿತ್ತು.

ಮರುದಿನ ಎಲ್ಲರೂ ನದಿಗೆ ಸ್ನಾನಕ್ಕೆ ಹೋದಾಗ ಅವಳು ಸಗಣಿ ಕದಡಿದ ನೀರನ್ನು ತಂದು ತನ್ನ ಪಾತಿಗೆ ಹೊಯ್ದಳು. ಆಮೇಲೆ ದಿನವೂ ಹೊಯ್ದಳು.

ಎಲೆ ಹಸಿರಾಯಿತು. ಮೊದಲು ಗಿಡ ಸಾಯುತ್ತದೆಂಬ ಹೆದರಿಕೆ ಇತ್ತು. ಈಗ ಅದು ಬೆಳೆಯುತ್ತಿದೆಯೆಂಬ ಹೆದರಿಕೆ.

ಗುರುಗಳು ದಿನಾ ಬಂದು ಪಾತಿಯ ಮುಂದೆ ನಿಲ್ಲುತ್ತಿದ್ದರು.

"ಏನು ಕೊಟ್ಟೆ?"

"ನೀರು, ಗುರುಗಳೇ."

"ಬರೆದುಕೋ."

ಬರೆಯುವಾಗ ಅಕ್ಷರ ಸೊಟ್ಟಗಾಗುತ್ತಿತ್ತು. ಗುರುಗಳು ಅಕ್ಷರವನ್ನಷ್ಟೇ ತಿದ್ದುತ್ತಿದ್ದರು.

ನಲವತ್ತನೇ ದಿನ ಊರಿನವರು ಬಂದರು. ಎಲ್ಲರಿಗಿಂತ ಮುಂದೆ ಸಿದ್ದವ್ವ. ಅರ್ಧ ಎಕರೆಯಲ್ಲಿ ತರಕಾರಿ ಬೆಳೆದು ಬದುಕುವ ಮುದುಕಿ.

ಅವಳು ಎರಡೂ ಪಾತಿಗಳನ್ನು ಸುತ್ತಿ ನೋಡಿದಳು. "ಎಲ್ಡೂ ಒಂದೇ ಸಮ ಐತಲ್ಲ ಅಯ್ನೋರೆ. ಇದಕ್ಕೆ ದಿಟವಾಗ್ಲೂ ಗೊಬ್ಬರ ಹಾಕಿಲ್ವಾ?"

ಗುರುಗಳು ಹಾಲಮ್ಮನ ಪುಸ್ತಕ ತೆರೆದರು. "ನೀರು ಅಂತಲೇ ಬರೆದಿದೆ."

"ಹಂಗಾದ್ರೆ ನಾನ್ಯಾಕೆ ಬುಟ್ಟಿ ಹೊತ್ತು ಸಾಯ್ಲಿ? ಈ ಸಲ ಬರೀ ಮಣ್ಣಿಗೇ ನೆಡ್ತೀನಿ." ಸಿದ್ದವ್ವ ಹಾಲಮ್ಮನ ತಲೆ ಸವರಿದಳು. "ಪುಣ್ಯ ಬರ್ಲಿ ಕಣವ್ವ. ನನ್ನ ಸೊಂಟ ಉಳಿಸ್ದೆ."

ಹಾಲಮ್ಮ ಗುರುಗಳ ಮುಖ ನೋಡಿದಳು. ಗುರುಗಳು ಬದನೆಯನ್ನು ನೋಡುತ್ತಿದ್ದರು.

ಸಿದ್ದವ್ವ ಬೇಲಿಯವರೆಗೆ ಹೋದಳು. ಬೇಲಿ ದಾಟಿದಳು.

"ಅಜ್ಜೀ!"

ಸಿದ್ದವ್ವ ತಿರುಗಿದಳು.

"ಸಗಣಿ ನೀರು ಹಾಕಿದೀನಿ ಅಜ್ಜಿ. ಯಾರಿಗೂ ಹೇಳದೆ. ಒಂದು ತಿಂಗಳಿಂದ." ಹಾಲಮ್ಮ ಬೇಲಿಯವರೆಗೆ ಓಡಿದಳು. "ಬರೀ ಮಣ್ಣಲ್ಲಿ ಬರಲ್ಲ. ನೆಡಬೇಡಿ."

"ಅಯ್ಯೋ ಕಳ್ಳಿ," ಎಂದ ಕೆಂಚಪ್ಪ. "ನನ್ನ ಗೊಬ್ಬರಾನೇ ಸರಿ ಇಲ್ಲ ಅಂದ್ಕೊಂಡಿದ್ನಲ್ಲೇ!"

"ಥೂ ನಿನ್ನ. ಮತ್ತೆ ಬುಟ್ಟಿ ಹೊರ್ಬೇಕಾ?" ಎಂದಳು ಸಿದ್ದವ್ವ. ಪುಣ್ಯವನ್ನು ವಾಪಸು ಪಡೆದವಳಂತೆ ಗೊಣಗುತ್ತ ಹೊರಟಳು. ಉಳಿದವರೂ ಹಿಂದೆಯೇ ಹೋದರು.

ಹಾಲಮ್ಮ ತನ್ನ ಬಟ್ಟೆಯ ಗಂಟು ತಂದು ಗುರುಗಳ ಮುಂದೆ ನಿಂತಳು.

"ಅದನ್ನು ಒಳಗಿಡು," ಎಂದರು ಗುರುಗಳು. "ನಾಳೆ ಎರಡೂ ಪಾತಿ ಅಗೆಯಬೇಕು. ಈ ಸಲವೂ ಗೊಬ್ಬರವಿಲ್ಲದ್ದು ನಿನ್ನದೇ."

"ನಿಮಗೆ ಮೊದಲೇ ಗೊತ್ತಿತ್ತೇ ಗುರುಗಳೇ?"

"ಸಗಣಿಗೆ ವಾಸನೆ ಇರುತ್ತದೆ."

ಅವಳು ಗಂಟನ್ನು ಒಳಗಿಟ್ಟು ಬಂದಳು. ಆಮೇಲೆ ಕೇಳಿದಳು: "ನಲವತ್ತು ದಿನದ ಪ್ರಯೋಗ ಪೂರಾ ಹಾಳಾಯಿತಲ್ಲ?"

ಗುರುಗಳು ಸಿದ್ದವ್ವ ಹೋದ ದಾರಿಯನ್ನು ನೋಡಿದರು.

"ಬದನೆಯದು ಹಾಳಾಯಿತು."